ಪಕ್ಕದ ಅಂಗಡಿಯ ಚಾ

"ಖಬರಿನ ಗುಂಡಿಗೆ ಇಳಿಯುವವರು ಯಾರು? ಮನೆಯವರು ಮುಂದೆ ಬನ್ನಿ" ಎಂದು ಮೌಲವಿ ಕೂಗಿದ್ದೇ ತಡ, ಇಲ್ಯಾಸ್ ಹಿಂದೆ ಸರಿದು ಸ್ಟೀಫನ್ನನ ಬೆನ್ನಿನ ಮರೆಗೆ ನಿಂತ. ಕೊಲ್ಲಿ ನಾಡಿನ ಬನಿಯಾಸ್ ಖಬರಸ್ತಾನದ ಬಿಸಿಲು ಬೆಳಿಗ್ಗೆಯೇ ಚರ್ಮ ಸುಲಿಯುತ್ತಿತ್ತು. ಮನೆಯವರೆಂದು ಮುಂದೆ ಬರಲು ಯಾರಿದ್ದಾರೆ? ಕ್ಷೌರಿಕ ಅಬು ಹಾತಿಮನ ಇಬ್ಬರು ಗಂಡುಮಕ್ಕಳೂ ಗಾಜಾದಲ್ಲಿ ಬಾಂಬು ಬಿದ್ದು ಕುಸಿದ ಮನೆಯಡಿ ಸತ್ತಿದ್ದರು. ಉಳಿದವಳು ಮಗಳು ಹನಾನ್ ಒಬ್ಬಳೇ. ಅಲ್ಲಿನ ಡೇರೆಯೊಂದರಲ್ಲಿ ಕುಳಿತು, ಸ್ಟೀಫನ್ ಎತ್ತಿ ಹಿಡಿದಿದ್ದ ಫೋನಿನಲ್ಲಿ ಅಪ್ಪನ ದಫನ ನೋಡುತ್ತಿದ್ದಳು.

ಸ್ಟೀಫನ್ ಶಿರ್ವದವನು, ಆಸ್ಪತ್ರೆಯ ನರ್ಸು. ಅಬು ಹಾತಿಮನ ಹಳೆಯ ಗಿರಾಕಿ. ಕೊನೆಯ ಉಸಿರಿನ ಹೊತ್ತಿಗೆ ಹಾಸಿಗೆಯ ಪಕ್ಕ ಇದ್ದವನೂ ಅವನೇ.

"ಇಲ್ಯಾಸ್, ಅವಳು ನಿನ್ನನ್ನು ಕೇಳ್ತಾ ಇದ್ದಾಳೆ."

"ನನ್ನನ್ನಾ? ಎಂತಕ್ಕೆ?"

"ನಂಗೆಂತ ಗೊತ್ತು? ಇಲ್ಯಾಸ್ ಎಲ್ಲಿ, ಇಲ್ಯಾಸ್ ಎಲ್ಲಿ ಅಂತ ಅಳ್ತಾಳೆ. ತಗೋ ಮಾರಾಯ."

ಮುದುಕ ಮಗಳಿಗೆ ಎಲ್ಲ ಹೇಳಿಬಿಟ್ಟಿದ್ದಾನೆ ಎಂದುಕೊಂಡ ಇಲ್ಯಾಸ್. ಇಷ್ಟು ಜನರೆದುರು ಅವಳು ಉಗಿದರೆ ಒರೆಸಿಕೊಳ್ಳುವುದೇ ಗತಿ.

*

ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಇಲ್ಯಾಸನ ಕೆಫೆಟೇರಿಯಾಕ್ಕೂ ಅಬು ಹಾತಿಮನ ಸಲೂನಿಗೂ ನಡುವೆ ಒಂದೇ ಗೋಡೆ. ಸಂಜೆಯಾದರೆ ಪುದೀನ ಹಾಕಿದ ಕಪ್ಪು ಚಾ ಇಲ್ಲಿಂದ ಅಲ್ಲಿಗೆ ಹೋಗುವುದು ಎಷ್ಟೋ ಕಾಲದ ರೂಢಿ. ಗಾಜಾದಲ್ಲಿ ಯುದ್ಧ ಶುರುವಾದ ಮೇಲೆ ಇಲ್ಯಾಸ್ ಭಾರೀ ಹೋರಾಟಗಾರನಾದ. ಇಸ್ರೇಲಿನ ಪರವೆಂದು ಫ್ರಿಜ್ಜಿನಿಂದ ಕೆಲವು ಕಂಪನಿಗಳ ಬಾಟಲಿ ತೆಗೆಸಿದ. ವಾಟ್ಸಾಪಿನಲ್ಲಿ ದಿನಕ್ಕೊಂದು ಸ್ಟೇಟಸ್ ಹಾಕಿದ. ತನಗೆ ಗೊತ್ತಿದ್ದ ಒಬ್ಬನೇ ಒಬ್ಬ ಗಾಜಾದವನಿಗೆ ಚಾ ನಿಲ್ಲಿಸಿದ್ದೂ ಅದೇ ಹುರುಪಿನಲ್ಲಿ.

ಅಬು ಹಾತಿಮ್ ಅವತ್ತು ಒಬ್ಬ ಪ್ರವಾಸಿಯ ಗಡ್ಡ ಬೋಳಿಸಿದ್ದ. ಇಸ್ರೇಲಿನವನಂತೆ ಎಂಬ ಸುದ್ದಿ ಚಾದ ಕೌಂಟರಿಗೆ ಬಂತು. ಪ್ರವಾಸಿ ಅತ್ತ ಹೋದೊಡನೆ ಇಲ್ಯಾಸ್ ಇತ್ತ ನುಗ್ಗಿದ.

"ನಿನ್ನ ಮಕ್ಕಳನ್ನು ಕೊಂದವರ ಗಡ್ಡ ಹೆರೆಯುತ್ತೀಯಲ್ಲ, ನಾಚಿಕೆಯಾಗುವುದಿಲ್ಲವಾ?"

ಕಾದು ಕುಳಿತ ಗಿರಾಕಿಗಳೆಲ್ಲ ತಲೆ ಎತ್ತಿದರು. ಅವರಲ್ಲಿ ಸ್ಟೀಫನ್ನೂ ಇದ್ದ. ಅಬು ಹಾತಿಮ್ ಕತ್ತಿಯ ನೊರೆ ಒರೆಸಿದ.

"ಎಲ್ಲಿಯವನೆಂದು ಅವನು ಹೇಳಿದ. ನಾನೂ ಎಲ್ಲಿಯವನೆಂದು ಹೇಳಿದೆ. ಎದ್ದು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಕುತ್ತಿಗೆ ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡ. ನಾನೇನು ಮಾಡಬೇಕಿತ್ತು, ಇಲ್ಯಾಸ್?"

ಇಲ್ಯಾಸನಿಗೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ಖಲಾಸ್! ಇನ್ನು ನಿನಗೆ ನನ್ನ ಚಾ ಇಲ್ಲ" ಎಂದು ಹೊರಬಿದ್ದ. ಮರುದಿನದಿಂದ ಮುದುಕನ ಸಲಾಮಿಗೂ ಉತ್ತರ ಕೊಡಲಿಲ್ಲ. ಇವನನ್ನು ನೋಡಿ ಬೀದಿಯ ಇತರರೂ ಬೇರೆ ಸಲೂನು ಹುಡುಕಿಕೊಂಡರು. ಅಬು ಹಾತಿಮ್ ಮಾತ್ರ ಎದುರು ಸಿಕ್ಕಾಗಲೆಲ್ಲ ಎದೆಗೆ ಕೈಯಿಟ್ಟು ಸಲಾಂ ಹೇಳುವುದನ್ನು ಬಿಡಲಿಲ್ಲ.

*

ಫೋನಿನಲ್ಲಿ ಹನಾನಳ ಮುಖ ಒಮ್ಮೆ ಮೂಡಿ ಒಮ್ಮೆ ಮಸುಕಾಗುತ್ತಿತ್ತು.

"ಇಲ್ಯಾಸ್ ಚಿಕ್ಕಪ್ಪ ನೀವೇನಾ?" ಎಂದಳು ಅರಬಿಯಲ್ಲಿ. "ಅಪ್ಪ ಸಂಜೆ ನಿಮ್ಮ ಚಾ ಕುಡಿಯುತ್ತಲೇ ನನಗೆ ಫೋನ್ ಮಾಡುತ್ತಿದ್ದರು. ಗ್ಲಾಸು ತೋರಿಸಿ, ನೋಡು, ಇಲ್ಯಾಸ್ ಈಗಷ್ಟೇ ಕಳಿಸಿದ, ಇಲ್ಲಿ ನಾನು ಒಂಟಿಯಲ್ಲ ಅನ್ನುತ್ತಿದ್ದರು. ಮೊನ್ನೆ ಆಸ್ಪತ್ರೆ ಸೇರುವ ಮೊದಲೂ ತೋರಿಸಿದರು. ನೀವಿದ್ದೀರೆಂದೇ ನನಗೆ ಇಲ್ಲಿ ನಿದ್ದೆ ಬರುತ್ತಿತ್ತು."

ಜಗಳದ ದಿನ ಸಲೂನಿನಲ್ಲೇ ಉಳಿದುಹೋದ ಒಂದು ಗ್ಲಾಸು ಇಲ್ಯಾಸನಿಗೆ ನೆನಪಾಯಿತು. ಅದನ್ನು ವಾಪಸು ಕೇಳಲೂ ಅವನ ಸೊಕ್ಕು ಬಿಟ್ಟಿರಲಿಲ್ಲ. ಮುದುಕ ತಾನೇ ನೀರು ಕಾಯಿಸಿ, ಆ ಗ್ಲಾಸಿಗೆ ಸುರಿದು, ಮಗಳೆದುರು ಇಷ್ಟು ಕಾಲ ಇಲ್ಯಾಸನ ಮಾನ ಕಾದಿದ್ದ. ಭೂಮಿ ಬಾಯಿಬಿಟ್ಟರೆ ಇಳಿದುಬಿಡುತ್ತೇನೆ ಅನ್ನುತ್ತಾರಲ್ಲ, ಎದುರಿಗೆ ಅದು ಬಾಯಿಬಿಟ್ಟೇ ಇತ್ತು. ಇಳಿಯುವ ಯೋಗ್ಯತೆ ಮಾತ್ರ ತನಗಿಲ್ಲ ಅನ್ನಿಸಿ ಅವನು ನಾಚಿಕೆಯಿಂದ ಕುಗ್ಗಿಹೋದ.

"ಮಗಳೇ, ಆ ಚಾ ನಾನು..."

"ನಮಗೆ ಬೇರೆ ಯಾರೂ ಇಲ್ಲ, ಚಿಕ್ಕಪ್ಪ. ಮನೆಯವರಾಗಿ ನೀವೇ ಇಳಿಯಿರಿ."

ಸ್ಟೀಫನ್ ಫೋನು ಕಸಿದುಕೊಂಡು ಕನ್ನಡದಲ್ಲಿ ಪಿಸುಗುಟ್ಟಿದ. "ನಿನ್ನ ಸತ್ಯ ನಿನ್ನ ಹತ್ರವೇ ಇರಲಿ ಮಾರಾಯ. ಮುದುಕ ಕಟ್ಟಿದ್ದನ್ನು ನೀನು ಒಡಿಬೇಡ. ಇಳಿ."

ಇಲ್ಯಾಸ್ ಚಪ್ಪಲಿ ಬಿಟ್ಟು ಇಳಿದ. ಮೇಲಿನವರು ಮುದುಕನ ಮಯ್ಯಿತನ್ನು ಅವನ ತೋಳಿಗೆ ಇಳಿಸಿದರು. ತಲೆಯ ಕಡೆಯ ಕಫನ್ ಬಟ್ಟೆಯ ಗಂಟು ಬಿಚ್ಚಿ, ಮುಖವನ್ನು ನಮಾಜಿನ ದಿಕ್ಕಾದ ಕಿಬ್ಲಾದತ್ತ ತಿರುಗಿಸಬೇಕಿತ್ತು.

"ಮೆಲ್ಲಗೆ, ಚಿಕ್ಕಪ್ಪ" ಎಂದಿತು ಮೇಲಿನಿಂದ ಫೋನಿನ ದನಿ.

ಇಲ್ಯಾಸ್ ಅಂಗೈಯನ್ನು ತಲೆಯಡಿಗೆ ತೂರಿಸಿದ. ಬಟ್ಟೆ ಸರಿಯಿತು. ಅಬು ಹಾತಿಮ್ ತನ್ನ ಕುತ್ತಿಗೆಯ ಭಾರವನ್ನೆಲ್ಲ ಅವನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡಿದ್ದ.