ಹಸನಬ್ಬನ ಬಟ್ಟೆ ವಿಮಾನ

ಬಂಟ್ವಾಳ ಪೇಟೆಯಲ್ಲಿ ದರ್ಜಿ ಹಸನಬ್ಬನಷ್ಟು ಗಟ್ಟಿಯಾಗಿ ಹೊಲಿಯುವವರು ಇರಲಿಲ್ಲ. ಅವನಷ್ಟು ಬುರುಡೆ ಬಿಡುವವರೂ ಇಲ್ಲ ಎಂಬುದು ಪೇಟೆಯ ತೀರ್ಮಾನ. ಮೊದಲ ಮಹಾಯುದ್ಧದಲ್ಲಿ ಕಡಲಾಚೆಯ ಬಸ್ರಾಕ್ಕೆ ಹೋಗಿ ವಿಮಾನದ ರೆಕ್ಕೆಗೆ ಬಟ್ಟೆ ಹೊಲಿದು ಬಂದೆ ಎನ್ನುತ್ತಿದ್ದ. ಪಾಪ, ನಿಜವನ್ನೇ ಹೇಳುತ್ತಿದ್ದ. ಆದರೆ ಬಜಪೆಯಲ್ಲಿ ವಿಮಾನ ಇಳಿಯತೊಡಗಿ ಎರಡು ವರ್ಷವಾಗಿತ್ತು. ಬಸ್ಸು ಹಿಡಿದು ಹೋಗಿ ಅದರ ಮಿರುಗುವ ತಗಡಿನ ಮೈಯನ್ನು ಕಣ್ಣಾರೆ ಕಂಡು ಬಂದವರಿಗೆ ಬಟ್ಟೆಯ ವಿಮಾನ ಎಂದರೆ ನಗು ತಡೆಯಲಾಗುತ್ತಿರಲಿಲ್ಲ.

“ಮಳೆ ಬಂದ್ರೆ ಹಿಂಡಿ ಒಣಗಲಿಕ್ಕೆ ಹಾಕ್ತಿದ್ರಾ ಬ್ಯಾರಿಗಳೇ?” ಎಂದು ಎದುರಿನ ಹೋಟೆಲಿನ ಶೇಖರ ಶೆಟ್ಟರು ಕೇಳಿದರೆ ಚಹಾ ಕುಡಿಯುತ್ತಿದ್ದವರಿಗೆ ನೆತ್ತಿಗೇರುತ್ತಿತ್ತು.

ಪೇಟೆ ನಕ್ಕರೆ ನಗಲಿ. ಹಸನಬ್ಬನ ಕೊರಗೆಲ್ಲ ಹೆಂಡತಿ ಬೀಫಾತಿಮಾಳ ಬಗ್ಗೆ. ಮೂವತ್ತು ವರ್ಷಗಳಿಂದ ಊಟದ ಹೊತ್ತಿಗೆ ಅವನು ಬಸ್ರಾದ ಕತೆ ತೆಗೆಯುತ್ತಿದ್ದ, ಅವಳು ಮೀನಿನ ಸಾರು ಬಡಿಸುತ್ತ ಹೂಂಗುಟ್ಟುತ್ತಿದ್ದಳು. ತುಟಿಯಂಚಿನಲ್ಲಿ ಒಂದು ನಗು. ಮೀನಿನ ಮುಳ್ಳಿಗಿಂತ ಹೆಚ್ಚು ಆ ನಗು ಅವನ ಗಂಟಲಿಗೆ ಚುಚ್ಚುತ್ತಿತ್ತು. ಕಣ್ಣು ಮುಚ್ಚುವ ಮೊದಲು ಒಂದೇ ಒಂದು ಸಲ ಇವಳು ನನ್ನನ್ನು ನಂಬಬೇಕು ಎಂಬುದೊಂದೇ ಅವನ ಆಸೆ.

ಐವತ್ತಮೂರರ ಡಿಸೆಂಬರಿನಲ್ಲಿ ಶಾಲೆಯ ಶ್ರೀಕೃಷ್ಣ ಮಾಷ್ಟ್ರು ಅಂಗಿಯೊಂದನ್ನು ಹಿಡಿದು ಅಂಗಡಿಗೆ ಬಂದರು. ಅವರ ಹೊಟ್ಟೆ ಬೆಳೆದಿತ್ತು, ಅಂಗಿ ಬೆಳೆದಿರಲಿಲ್ಲ.

“ಬಿಚ್ಚಿ ಅಗಲ ಮಾಡುವ ಅಂತ ಮನೆಯಲ್ಲಿ ಕೂತದ್ದು. ನಿಮ್ಮ ಹೊಲಿಗೆ ಬಿಚ್ಚಲಿಕ್ಕೇ ಆಗುವುದಿಲ್ಲವಲ್ಲ ಮಾರಾಯ್ರೆ. ಬೆರಳಗಲಕ್ಕೊಂದು ಗಂಟು ಹಾಕಿದ್ದೀರಿ.”

“ಕೈಗೆ ಅಭ್ಯಾಸ ಆಗಿ ಹೋಗಿದೆ ಮಾಷ್ಟ್ರೇ. ರೆಕ್ಕೆಯಲ್ಲಿ ಒಂದು ಕಡೆ ನೂಲು ತುಂಡಾದರೂ ಉಳಿದದ್ದು ಬಿಚ್ಚಿಕೊಳ್ಳಬಾರದು. ಮೇಲೆ ಒಬ್ಬನ ಜೀವ ಉಂಟಲ್ಲ.”

ಮಾಷ್ಟ್ರು ನಗಲಿಲ್ಲ. ಮನುಷ್ಯ ಎಂಜಿನ್ ಕಟ್ಟಿ ಹಾರಿ ಆ ತಿಂಗಳಿಗೆ ಐವತ್ತು ವರ್ಷ. ಶಾಲೆಯ ಪ್ರದರ್ಶನಕ್ಕೆಂದು ಅವರು ತರಿಸಿದ್ದ ಪುಸ್ತಕದಲ್ಲಿ ಇದೇ ಗಂಟಿನ ಚಿತ್ರವಿತ್ತು. ಮೊದಮೊದಲ ವಿಮಾನಗಳಿಗೆ, ಯುದ್ಧಕ್ಕೆ ಹೋದವುಗಳಿಗೂ, ಮರದ ಹಂದರ, ಅದರ ಮೇಲೆ ಬಟ್ಟೆ.

“ನಾವೊಂದು ರೆಕ್ಕೆ ಮಾಡುವ,” ಎಂದರು. “ಬಿದಿರು ನಾನು ತರ್ತೇನೆ.”

ಎರಡೇ ದಿನದಲ್ಲಿ ಹಸನಬ್ಬನ ಅಂಗಳದಲ್ಲಿ ಆಳುದ್ದದ ಬಿದಿರಿನ ರೆಕ್ಕೆ ಎದ್ದು ನಿಂತಿತು. ಎರಡೂ ಮೈಗೆ ಬಿಳಿ ಬಟ್ಟೆ ಹೊದೆಸಿದ್ದಾಯಿತು. ಬಟ್ಟೆ ಬಿಗಿಯಲು ಬಸ್ರಾದಲ್ಲಿ ಮೂಗಿಗೆ ಹೊಡೆಯುವ ಬಣ್ಣ ಬಳಿಯುತ್ತಿದ್ದರು. ಇಲ್ಲಿ ಕುಚ್ಚಲಕ್ಕಿಯ ಗಂಜಿತಿಳಿ ಸಾಕು ಎಂದುಕೊಂಡ ಹಸನಬ್ಬ. ಅದು ಒಣಗುವಷ್ಟರಲ್ಲಿ ಮನೆಯ ಕೋಳಿಗಳು ಅನ್ನದ ವಾಸನೆ ಹಿಡಿದು ಬಂದು ಒಂದು ಅಂಚನ್ನು ಕುಕ್ಕಿ ತೂತು ಮಾಡಿದವು. ತೇಪೆ ಹಾಕಬೇಕಾಯಿತು.

ಇನ್ನು ಹೊಲಿಗೆ. ಅದಕ್ಕೆ ಇಬ್ಬರು ಬೇಕು. ರೆಕ್ಕೆಯ ಈಚೆ ಕೂತವನು ಉದ್ದ ಸೂಜಿ ತೂರಿಸಿದರೆ, ಆಚೆಯವನು ಅದನ್ನು ಒಳಗಿನ ಬಿದಿರ ಪಟ್ಟಿಯ ಇನ್ನೊಂದು ಮಗ್ಗುಲಿನಿಂದ ಮರಳಿಸಬೇಕು. ಆಚೆ ಕೂತ ಮಾಷ್ಟ್ರು ನಾಲ್ಕು ಸಲ ಬೆರಳು ಚುಚ್ಚಿಸಿಕೊಂಡು, ಕೈ ತೊಳೆಯಲು ಬಾವಿಕಟ್ಟೆಗೆ ಹೋದರು.

ರೆಕ್ಕೆಯ ಮರೆಯಲ್ಲಿ ಅದು ಕಾಣದೆ ಹಸನಬ್ಬ ಸೂಜಿ ತೂರಿಸಿ ಕಾದ. ಸೂಜಿ ಮರಳಿ ಬಂತು, ಪಟ್ಟಿಗೆ ಒತ್ತಿಕೊಂಡು, ಬರಬೇಕಾದ ಜಾಗಕ್ಕೇ. ಗಂಟು ಹಾಕಿ ಮತ್ತೆ ತೂರಿಸಿದ. ಮತ್ತೆ ಬಂತು. ಬೇಗ ಕಲಿತರಲ್ಲ ಮಾಷ್ಟ್ರು ಎಂದು ಹಿಗ್ಗಿ ಹತ್ತು ಹೊಲಿಗೆ ಮುಗಿಸಿದ. ಆಮೇಲೆ ಬಗ್ಗಿ ನೋಡಿದರೆ ಆಚೆ ಕೂತದ್ದು ಬೀಫಾತಿಮಾ.

“ಇದು ನಿನಗೆ ಯಾರು ಕಲಿಸಿದ್ದು?”

“ಯಾರು ಅಂದ್ರೆ? ಮೂವತ್ತು ವರ್ಷದಿಂದ ನೀವೇ ಹೇಳ್ತಾ ಇದ್ದೀರಲ್ಲ. ಸೂಜಿಯನ್ನು ಪಟ್ಟಿಗೆ ಒತ್ತಿ ತೆಗೀಬೇಕು, ಎಳೆಯುವಾಗ ನೂಲು ಉಜ್ಜಬಾರದು.”

ಹಸನಬ್ಬನ ಕಣ್ಣು ಮಂಜಾಯಿತು. “ಹಾಗಾದ್ರೆ ನೀನು ನಂಬಿದ್ದೆಯಾ? ಯಾವಾಗಿನಿಂದ?”

“ಮೊದಲ ದಿನದಿಂದ.”

“ಒಂದು ಸಲವಾದರೂ ಬಾಯಿಬಿಟ್ಟು ಹೇಳಬಾರದಿತ್ತಾ?”

ಬೀಫಾತಿಮಾ ಸೂಜಿಯನ್ನು ಈಚೆಗೆ ದಾಟಿಸಿದಳು.

“ನಂಬಿದೆ ಅಂದಿದ್ರೆ ನೀವು ಮರುದಿನ ಪುನಃ ಹೇಳ್ತಿದ್ರಾ? ನನಗೆ ಕೇಳಬೇಕಿತ್ತು.”