ಯಾರೂ ಬೆರಳೆತ್ತದ ಹಾಡು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ನನ್ನನ್ನು ಕೇಳಬೇಡಿ. ನಾನೇ ನಿಮ್ಮನ್ನು ಕೇಳೋಣ ಅಂದುಕೊಂಡಿದ್ದೆ. ಮಹಡಿಯ ಕೋಣೆಯಿಂದಲೋ, ಅಟ್ಟದ ಮೇಲಿನ ಶೂ ಡಬ್ಬಿಯಿಂದಲೋ, ಹದಿನೆಂಟು ವರ್ಷದ ಹಿಂದಿನ ಒಂದು ಬಚ್ಚಲುಮನೆಯಿಂದಲೋ? ಬಚ್ಚಲುಮನೆಯಲ್ಲಿ ಶುರುವಾದ ಕಥೆಯನ್ನು ಯಾವ ಸಂಪಾದಕರೂ ಎರಡನೇ ಪ್ಯಾರಾದವರೆಗೆ ಓದುವುದಿಲ್ಲ. ಹಾಗಾಗಿ ಮಹಡಿ ಹತ್ತೋಣ. ಮೆಟ್ಟಿಲು ಕಡಿದಾಗಿವೆ, ನೋಡಿಕೊಂಡು ಬನ್ನಿ.

೨

ಔಷಧಿ ಅಂಗಡಿಯ ಮೇಲೊಂದು ಕೋಣೆ. ಕೆಮ್ಮಿನ ಸಿರಪ್ಪಿನ ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಮೂರು ಕುರ್ಚಿ, ಒಂದು ಹಳೆಯ ಟೇಪ್‌ರೆಕಾರ್ಡರ್, ಎರಡು ಸ್ಪೀಕರ್. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲಿ ಮೂವರು ಸೇರುತ್ತಾರೆ: ಅಂಗಡಿಯ ಒಡತಿ, ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು, ಮತ್ತು ನಮ್ಮ ಕಥಾನಾಯಕ, ಲಿಫ್ಟ್ ರಿಪೇರಿಯವನು.

(ಮೊದಲ ಡ್ರಾಫ್ಟಿನಲ್ಲಿ ಅವನಿಗೆ ಕನ್ನಡಕದ ಅಂಗಡಿ ಇತ್ತು. ಊರಿಗೆಲ್ಲ ಕನ್ನಡಕ ಕೊಡುವವನಿಗೆ ಮನೆಯೊಳಗಿದ್ದದ್ದು ಕಾಣಲಿಲ್ಲ ಎಂಬ ಸಂಕೇತ. ಅವನ ಅಕ್ಕ ಓದಿ, "ಇದನ್ನ ತೆಗಿ, ಓದೋರಿಗೆ ನಾಚಿಕೆ ಆಗತ್ತೆ" ಅಂದಳು. ತೆಗೆದೆ.)

ಪಾಪ್, ರಾಕ್, ಎದೆ ಬಿಚ್ಚಿ ಹಾಡುವ ಸೋಲ್ ಸಂಗೀತ, ಯಾವುದಾದರೂ ಸರಿ. ವಾರಕ್ಕೊಬ್ಬರು ಒಂದು ಹಾಡು ತರಬೇಕು ಎಂದಿತ್ತು ಮೊದಲು. ಆಸೆ ತಾಳದೆ ಈಗ ಮೂವರೂ ತರುತ್ತಾರೆ. ಆ ಕೋಣೆಯಲ್ಲಿ ಯಾರಾದರೂ ಹಾಡನ್ನು ಮೊದಲೇ ಕೇಳಿದ್ದರೆ ಹತ್ತು ಸೆಕೆಂಡಿನೊಳಗೆ ಬೆರಳೆತ್ತಬೇಕು. ಬೆರಳೆದ್ದರೆ ತಂದವರು ಎಲ್ಲರಿಗೂ ಟೀ ಮಾಡಬೇಕು. ಗೆಲ್ಲುವುದು ನಿನ್ನೆ ಮೊನ್ನೆ ಹುಟ್ಟಿದ ಹಾಡು, ಇಲ್ಲವೇ ಹುಟ್ಟಿಯೂ ಯಾರ ಕಿವಿಗೂ ಬೀಳದೆ ಮೂಲೆ ಸೇರಿದ ಹಾಡು.

ನಮ್ಮ ಲಿಫ್ಟಿನವನು ಸತತ ಎಂಟು ವಾರ ಟೀ ಮಾಡಿದ್ದ. ಎಂಟನೇ ವಾರ ಅವನು ತಂದದ್ದು ಆಗಷ್ಟೇ ಕಣ್ಣು ಬಿಟ್ಟಿದ್ದ ಒಂದು ರಾಕ್ ಬ್ಯಾಂಡಿನ ಹಾಡು; ಇಂಟರ್ನೆಟ್ಟಿಗೆ ಬಂದು ಐದು ದಿನವೂ ಆಗಿರಲಿಲ್ಲ. ನಾಲ್ಕನೇ ಸೆಕೆಂಡಿಗೆ ಮೇಷ್ಟ್ರ ಬೆರಳೆದ್ದಿತು. "ಡ್ರಮ್ ಬಾರಿಸೋನು ನನ್ನ ಹಳೇ ಸ್ಟೂಡೆಂಟ್. ಆಗಲೂ ಬೆಂಚು ಬಡೀತಿದ್ದ."

೩

ಆ ವಾರ ಅವನು ಹಟಕ್ಕೆ ಬಿದ್ದು ಅಟ್ಟ ಹತ್ತಿದ. ಶೂ ಡಬ್ಬಿಯಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಮೇಲೆ ಏನೂ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ.

(ಈಗ ಬಚ್ಚಲುಮನೆ. ಕ್ಷಮಿಸಿ, ತಪ್ಪಿಸಲಾಗಲಿಲ್ಲ.)

ಹದಿನೆಂಟು ವರ್ಷದ ಹಿಂದೆ ಅಕ್ಕ ಅಲ್ಲಿ ಬಕೆಟ್ ಬೋರಲು ಹಾಕಿ ಕೂತು, ಗೆಳತಿಯ ಗಿಟಾರ್ ಹಿಡಿದು, ತಾನೇ ಕಟ್ಟಿದ ಒಂದು ಹಾಡು ಹಾಡಿದ್ದಳು. ದನಿ ಗೋಡೆಗೆ ತಾಗಿ ತುಂಬಿಕೊಂಡು ಬರುತ್ತದೆ ಎಂದು ಆ ಜಾಗ. ರೆಕಾರ್ಡರ್ ಹಿಡಿದು ನಿಂತವನು ಹದಿನಾರರ ತಮ್ಮ. "ಹೇಗಿದೆಯೋ?" ಎಂದು ಕೇಳಿದಳು. ಅಷ್ಟರಲ್ಲಿ ಮೂರು ಮ್ಯೂಸಿಕ್ ಮ್ಯಾಗಜಿನ್ ಓದಿ ಪಂಡಿತನಾಗಿದ್ದ ತಮ್ಮ ಮೂಗು ಮುರಿದು, "ಇಂಥದ್ದು ಸಾವಿರ ಕೇಳಿದೀನಿ" ಅಂದ. ಅಕ್ಕ ಅವತ್ತು ಸಂಜೆಯೇ ಗಿಟಾರ್ ವಾಪಸ್ ಕೊಟ್ಟು ಬಂದಳು. ಆಮೇಲೆ ಪಾತ್ರೆ ತೊಳೆಯುವಾಗಲೂ ಗುನುಗಿದ್ದಿಲ್ಲ. ಇಬ್ಬರೂ ಒಂದೇ ಮನೆಯಲ್ಲಿದ್ದಾರೆ, ಆ ವಿಷಯ ಮಾತ್ರ ಒಮ್ಮೆಯೂ ಎತ್ತಿಲ್ಲ.

ಭಾನುವಾರ ಅದೇ ಕ್ಯಾಸೆಟ್ ಹಾಕಿದ. "ಹಳೇ ಸೋಲ್. ಗುಜರಿ ಅಂಗಡೀಲಿ ಸಿಕ್ತು" ಅಂದ. ಹತ್ತು ಸೆಕೆಂಡಾಯಿತು, ಇಪ್ಪತ್ತಾಯಿತು. ಯಾರೂ ಬೆರಳೆತ್ತಲಿಲ್ಲ. ಹಾಡು ಮುಗಿಯುವಷ್ಟರಲ್ಲಿ ಒಡತಿಯ ಕಣ್ಣು ತುಂಬಿತ್ತು.

ಮೇಷ್ಟ್ರು ತಲೆದೂಗಿ, "ಆ ಡ್ರಮ್ಮರ್ ಇದಾನಲ್ಲ, ಏನು ಸಂಯಮ ನೋಡಿ. ಒಂದೇ ಏಟು, ಆಮೇಲೆ ಕಾಯ್ತಾನೆ" ಅಂದರು.

ಅದು ಬಚ್ಚಲಿನ ನಲ್ಲಿ. ಇವತ್ತಿಗೂ ತೊಟ್ಟಿಕ್ಕುತ್ತದೆ.

"ಹಾಡಿದವರು ಯಾರು? ಹುಡುಕಲೇಬೇಕು" ಎಂದು ಒಡತಿ ಹಟ ಹಿಡಿದಳು. ಲಿಫ್ಟಿನವನು ಟೇಪಿನಿಂದ ಕ್ಯಾಸೆಟ್ ಕಿತ್ತುಕೊಂಡು, "ತೀರ್ಕೊಂಡಿದಾರಂತೆ" ಅಂದುಬಿಟ್ಟ.

ಮೇಷ್ಟ್ರು ಎದ್ದು ನಿಂತರು. "ಎರಡು ನಿಮಿಷ ಮೌನ."

ಮೂವರೂ ತಲೆ ತಗ್ಗಿಸಿ ನಿಂತರು. ಒಂದು ನಿಮಿಷವಾಗುವುದರೊಳಗೆ ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಕಟ್ ಮಾಡುವ ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿದ. "ಲೋ, ಬರುವಾಗ ಹಾಲು ತಗೊಂಡು ಬಾ. ಅರ್ಧ ಲೀಟರ್ ಸಾಕು." ಈಗಷ್ಟೇ ಒಡತಿಯನ್ನು ಅಳಿಸಿದ್ದ ದನಿ ಅದೇ. ಮೇಷ್ಟ್ರು ಕಣ್ಣು ತೆರೆಯದೆ, "ಸತ್ತೋರಿಗೆ ಸ್ವಲ್ಪ ಮರ್ಯಾದೆ ಕೊಡಪ್ಪ" ಅಂದರು.

೪

ಇಲ್ಲಿಗೆ ಬರೆದು ನಾನು ಬೀಗುತ್ತಿದ್ದೆ. ಅಷ್ಟರಲ್ಲಿ ಅಕ್ಕ ಡ್ರಾಫ್ಟ್ ಎತ್ತಿಕೊಂಡಳು.

"ನನ್ನನ್ನ ಸಾಯಿಸಿದ್ದು ಅವನೋ, ನೀನೋ?"

"ಅವನೇ ಅಕ್ಕ. ನಾನು ಬರ್ಕೊಂಡೆ ಅಷ್ಟೆ."

"ಬರೆಯುವಾಗ ನಗ್ತಿದ್ದೆಯಲ್ಲ, ನೋಡ್ದೆ."

ಅಕ್ಕ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಮೇಷ್ಟ್ರು ತಿಂಗಳಿಗೊಮ್ಮೆ ಅಲ್ಲಿಗೆ ಬರುತ್ತಾರೆ. "ಕೂತ್ಕೊಳ್ಳಿ ಸರ್, ಕರೀತೀವಿ ಅಂತೀನಿ. ಅವರಿಗೆ ಕೇಳಿಸಲ್ಲ. ಇಯರ್‌ಫೋನ್ ಹಾಕ್ಕೊಂಡು ಯಾರೂ ಕೇಳದ ಹಾಡು ಕೇಳ್ತಿರ್ತಾರೆ."

ತಕ್ಷಣ ನನಗೊಂದು ಮುಕ್ತಾಯ ಹೊಳೆಯಿತು: ಮೇಷ್ಟ್ರ ದವಡೆಗೆ ಮರಗಟ್ಟಿಸುವ ಇಂಜೆಕ್ಷನ್ ಬಿದ್ದಿದೆ, ಹೊರಗಿನಿಂದ ಆ ದನಿ ಕೇಳುತ್ತದೆ, ಗುರುತು ಹತ್ತುತ್ತದೆ, ಹೇಳೋಣವೆಂದರೆ ನಾಲಿಗೆ ಹೊರಳದು. ಅಕ್ಕ, "ಬಡಪಾಯಿ ಹಲ್ಲು ನೋವಲ್ಲಿರ್ತಾರೆ, ಬಿಡು" ಅಂದಳು. ಎರಡನೆಯದರಲ್ಲಿ ಸ್ಟೇಜ್, ಲೈಟು, ಸಾವಿರ ಜನರ ಚಪ್ಪಾಳೆ ಇಟ್ಟೆ. ಅದನ್ನು ಅವಳು ಪೂರ್ತಿ ಓದಲೂ ಇಲ್ಲ.

"ಅವನು ಮನೆಗೆ ಹಾಲು ತಂದನಾ? ಮೊದಲು ಅದನ್ನ ಬರಿ."

೫

ತಂದ. ಅಡುಗೆಮನೆಯ ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಪ್ಪಿಸಿದ, ಎರಡು ನಿಮಿಷದ ಮೌನವನ್ನೂ ಬಿಡಲಿಲ್ಲ. ಅಕ್ಕ ಬೈಯಲಿಲ್ಲ.

"ಎಷ್ಟು ಹೊತ್ತು ಯಾರೂ ಬೆರಳೆತ್ತಲಿಲ್ಲ?"

"ಕೊನೇವರೆಗೂ."

"ನೀನೂ?" ಅಕ್ಕ ಅವನನ್ನೇ ನೋಡಿದಳು. "ಆ ರೂಮಲ್ಲಿ ಅದನ್ನ ಮೊದಲೇ ಕೇಳಿದ್ದೋನು ಒಬ್ಬ ಇದ್ದನಲ್ಲೋ. ಅವನು ಯಾಕೆ ಎತ್ತಲಿಲ್ಲ?"

ಅವನಿಗೆ ಹದಿನಾರರಲ್ಲಿ ಆಗಬೇಕಿದ್ದ ನಾಚಿಕೆ ಮೂವತ್ತನಾಲ್ಕರಲ್ಲಿ ಆಯಿತು. ಸಾವಿರ ಕೇಳಿದ್ದೇನೆ ಎಂದಿದ್ದು ಸುಳ್ಳು, ಅಂಥದ್ದು ಒಂದೂ ಕೇಳಿರಲಿಲ್ಲ, ಹೊಟ್ಟೆಕಿಚ್ಚಿಗೆ ಅಂದದ್ದು ಎಂದು ಹೇಳಬೇಕೆನಿಸಿತು. (ಹೇಳಿಸಿಬಿಡಲೇ ಎಂದು ನಾನೂ ಪೆನ್ನು ಎತ್ತಿದೆ. ಅವನು ನನ್ನ ಕೈ ಹಿಡಿದುಕೊಂಡ.) ಹಾಲಿನ ಪ್ಯಾಕೆಟ್ ಫ್ರಿಜ್ಜಿನಲ್ಲಿಟ್ಟು ಒಳಗೆ ಹೋದ.

೬

ಮುಂದಿನ ಭಾನುವಾರ ಮಹಡಿ ಹತ್ತುವಾಗ ಅವನ ಹಿಂದೆ ಅಕ್ಕನೂ ಇದ್ದಳು. ಬರುತ್ತೇನೆಂದು ಅವನಿಗೆ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಕೈಚೀಲದಿಂದ ಒಂದು ಕ್ಯಾಸೆಟ್ ತೆಗೆದು ಟೇಪಿಗೆ ಹಾಕಿ ಗುಂಡಿ ಒತ್ತಿದಳು. ಮೊದಲು ಬರೀ ಸುರ್ರೆನ್ನುವ ಸದ್ದು.

ತಮ್ಮ ಬೆರಳೆತ್ತಿದ.

"ಇನ್ನೂ ಶುರುವೇ ಆಗಿಲ್ವಲ್ಲಪ್ಪ" ಅಂದರು ಮೇಷ್ಟ್ರು.

"ನಾನು ಕೇಳಿದೀನಿ ಸರ್. ಹದಿನೆಂಟು ವರ್ಷದ ಹಿಂದೇನೇ. ಹೋದ ವಾರದ್ದು ಹಾಡಿದ್ದು ಇವಳೇ, ನಮ್ಮಕ್ಕ. ಚೆನ್ನಾಗಿತ್ತು. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ."

ಒಡತಿ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೇಷ್ಟ್ರು ಒಂದೇ ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನ್ ಕಿತ್ತು, "ನಾವು ಎರಡು ನಿಮಿಷ ನಿಂತಿದ್ವಲ್ಲಮ್ಮ ನಿಮಗೆ" ಅಂದರು.

"ಅದೇ ಎರಡು ನಿಮಿಷ ಈಗ ಕೂತು ಕೊಡಿ ಸರ್. ಹಾಡು ಅಷ್ಟೇ ಉದ್ದ ಇದೆ." ಆಮೇಲೆ ತಮ್ಮನ ಕಡೆ ತಿರುಗಿದಳು. "ಕೈ ಇಳಿಸೋ. ಇದನ್ನ ನೀನೂ ಕೇಳಿಲ್ಲ. ಅದೇ ಗಿಟಾರ್ ಮತ್ತೆ ಇಸ್ಕೊಂಡು ಬಂದು, ಬುಧವಾರ ಊಟದ ಬಿಡುವಲ್ಲಿ ಕ್ಲಿನಿಕ್ಕಿನ ಎಕ್ಸ್‌ರೇ ರೂಮಲ್ಲಿ ಹಾಡಿದ್ದು."

ಹಾಡು ಹೇಗಿತ್ತು ಎಂದು ನೀವು ಕೇಳುತ್ತೀರಿ. ಚೆನ್ನಾಗಿತ್ತು ಎಂದು ಒಂದು ಡ್ರಾಫ್ಟ್, ಅಷ್ಟೇನೂ ಇರಲಿಲ್ಲ ಎಂದು ಇನ್ನೊಂದು, ಎರಡನ್ನೂ ಅಲ್ಲೇ ನಿಂತು ಗೀಚಿಟ್ಟುಕೊಂಡಿದ್ದೆ. ಅಕ್ಕ ಎರಡನ್ನೂ ಕಸಿದು ಸಿರಪ್ಪಿನ ಪೆಟ್ಟಿಗೆಗೆ ಹಾಕಿ, ಅದೇ ಪೆಟ್ಟಿಗೆಯ ಮೇಲೆ ನನ್ನನ್ನು ಕೂರಿಸಿದಳು. ಕುರ್ಚಿ ಮೂರೇ ಇದ್ದವು, ತಮ್ಮನೂ ನಿಂತೇ ಇದ್ದ.

ಸುರ್ರೆನ್ನುವ ಸದ್ದು ನಿಂತಿತು. ಗಿಟಾರಿನ ಮೊದಲ ತಂತಿ ಮಿಡಿಯಿತು. ತಮ್ಮ ಕೈ ಇಳಿಸಿದನೋ ಇಲ್ಲವೋ ನಾನು ನೋಡಲಿಲ್ಲ. ನಾನೂ ಈ ಹಾಡನ್ನು ಮೊದಲು ಕೇಳಿರಲಿಲ್ಲ.