ತೇಪೆಯ ಕೆಳಗಿನ ಇಪ್ಪತ್ತಮೂರು

"ಎಲ್ಲಿ ಅಗೆದ್ರಿ, ಅಷ್ಟು ಹೇಳ್ಬಿಡಿ ದೊನ್ನಾ ಎರ್ಮೆಲಿಂದಾ," ಎಂದ ಠಾಣಾಧಿಕಾರಿ ಇಂಪರಾತೊ.

ಮೇಜಿನ ಮೇಲೆ ಹಸಿರುಗಟ್ಟಿದ ಕಂಚಿನ ಹೂಜಿ ಇತ್ತು. ರೋಮಿನ ವ್ಯಾಪಾರಿಯೊಬ್ಬ ಅದನ್ನು ಎರಡು ಸಾವಿರ ವರ್ಷ ಹಳೆಯದೆಂದು ಮಾರಲು ಹೋಗಿ ಸಿಕ್ಕಿಬಿದ್ದಿದ್ದ. ಕೊಟ್ಟವಳು ಎರ್ಮೆಲಿಂದಾ ಎಂದು ಬಾಯಿಬಿಟ್ಟಿದ್ದ. ಇಲ್ಲಿ, ಪೊಂಪೇಯಿಯ ಮಣ್ಣಿನಲ್ಲಿ, ಸಿಕ್ಕಿದ್ದೆಲ್ಲ ಸರ್ಕಾರದ್ದು. ಕದ್ದು ಅಗೆದರೆ ಜೈಲು.

"ಅಗೆಯೋಕೆ ನಾನೇನು ಹೆಗ್ಗಣನಾ? ನಾನೇ ಎರಕ ಹೊಯ್ದಿದ್ದು. ನಕಲು ಅಂತ ಹೇಳೇ ಅವನಿಗೆ ಕೊಟ್ಟಿದ್ದು."

ತಜ್ಞನಾಗಿ ಬಂದಿದ್ದ ಪ್ರೊಫೆಸರ್ ಬಾರ್ಬಾತೊ ಭೂತಗನ್ನಡಿ ಕೆಳಗಿಟ್ಟ. "ಈ ಚೌಕದ ತೇಪೆ ನೋಡಿ. ಎರಕದಲ್ಲಿ ತೂತು ಬಿದ್ರೆ ರೋಮನ್ನರು ಹೀಗೇ ಮುಚ್ತಿದ್ರು. ಇಂಥ ಕೈ ಈಗೆಲ್ಲಿದೆ? ಅದೂ ಒಬ್ಬ ಹೆಂಗಸಿಗೆ! ವರದೀಲಿ ಬರೆದಾಗಿದೆ."

ಎರ್ಮೆಲಿಂದಾಳ ಮೈ ಉರಿಯಿತು. ಅವಳ ಕೆಲಸವನ್ನು ಇಷ್ಟು ಹೊಗಳಿದವರು ಯಾರೂ ಇರಲಿಲ್ಲ. ಆ ಹೊಗಳಿಕೆಯೇ ಈಗ ಅವಳನ್ನು ಒಳಗೆ ಹಾಕುವುದರಲ್ಲಿತ್ತು.

"ನಾನು ನೋಡಿ ಮಾಡಿದ ಮ್ಯೂಸಿಯಂ ಹೂಜೀಲಿ ತೇಪೆ ಇತ್ತು, ಅದಕ್ಕೆ ನಾನೂ ಹಾಕ್ದೆ. ಕೆಳಗೆ ತೂತೇ ಇಲ್ಲ. ಕಿತ್ತು ನೋಡಿ."

"ಪುರಾತನ ವಸ್ತು! ಮುಟ್ಟಿದ್ರೆ ಇನ್ನೊಂದು ಕೇಸು!" ಎಂದ ಪ್ರೊಫೆಸರ್.

ಅವಳು ಕಾಗದ ಕತ್ತರಿಸುವ ಚಾಕು ಎತ್ತಿಕೊಂಡಳು. ಪ್ರೊಫೆಸರ್ ಕೂಗಿಕೊಂಡ, ಇಂಪರಾತೊ ಕೂತಲ್ಲಿಂದ ಅಲುಗಲಿಲ್ಲ. ತೇಪೆ ಟಪ್ಪನೆ ಹಾರಿ ಕಾಫಿ ಲೋಟಕ್ಕೆ ಬಡಿಯಿತು. ಕೆಳಗೆ ತೂತಿರಲಿಲ್ಲ, ಉಗುರಿನ ದಪ್ಪದಷ್ಟು ಆಳದ ಗುಳಿ ಮಾತ್ರ. ಅದರಲ್ಲಿ ಅವಳ ಹೆಸರಿನ ಮೊದಲಕ್ಷರ, ಪಕ್ಕದಲ್ಲಿ 23.

ಇಂಪರಾತೊ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂಕಿಗೊಂದು ಅರ್ಥ ಹಚ್ಚಿ ನೇಪಲ್ಸಿನಲ್ಲಿ ಲಾಟರಿ ಆಡುವ ಯಾರನ್ನು ಕೇಳಿದರೂ ಹೇಳುತ್ತಾರೆ, ಇಪ್ಪತ್ತಮೂರು ಎಂದರೆ ಪೆದ್ದ.

"ಪೆದ್ದ ಯಾರಮ್ಮಾ?"

"ನಾನೇ. ಇಲ್ಲದ ತೂತಿಗೆ ತೇಪೆ ಹಾಕೋಕೆ ಎರಡು ದಿನ ಕಳೆದೋಳು ಪೆದ್ದಿ ಅಲ್ದೆ ಇನ್ನೇನು? ಇವತ್ತು ಜೊತೆಗೊಬ್ರು ಸಿಕ್ಕಿದ್ರು."

ಪ್ರೊಫೆಸರ್ ಕೆಂಪಾಗಿ ಎದ್ದ. "ಹಾಗಾದ್ರೆ ಇದು ಬರೀ ನಕಲಿ ಮಾಲು. ಮೂರು ಕಾಸಿಗೂ ಬೇಡ." ವರದಿಯನ್ನು ಹರಿಯಲು ಹೊರಟ.

"ನೀವಿನ್ನು ಹೊರಡ್ಬಹುದು," ಎಂದ ಇಂಪರಾತೊ ಅವಳಿಗೆ. ಎರ್ಮೆಲಿಂದಾ ಏಳಲಿಲ್ಲ. ಪ್ರೊಫೆಸರನ ಮಣಿಕಟ್ಟು ಹಿಡಿದಳು. ಸುಟ್ಟ ಕಲೆಗಳ ಕೈ, ಇಕ್ಕಳದ ಹಿಡಿತ.

"ಈಗ ತಾನೇ ಇಂಥ ಕೈ ಎಲ್ಲಿದೆ ಅಂದ್ರಿ. ಹೂಜಿ ಬದಲಾಯ್ತಾ? ಸುಳ್ಳು ಹೇಳಿದ್ದು ವ್ಯಾಪಾರಿ, ಹೂಜಿ ಅಲ್ಲ. ವರದಿ ಹರೀಬೇಡಿ. ರೋಮನ್ ಕಂಚುಗಾರ ಅಂತ ಇರೋ ಕಡೆ ಹೊಡೆದುಹಾಕಿ ನನ್ನ ಹೆಸರು ಬರೀರಿ."

ಪ್ರೊಫೆಸರ್ ಠಾಣಾಧಿಕಾರಿಯ ಮುಖ ನೋಡಿದ. ಇಂಪರಾತೊ ತನ್ನ ಪೆನ್ನನ್ನು ಅವನತ್ತ ತಳ್ಳಿದ.

"ಎರ್ಮೆಲಿಂದಾ ಕರನ್ನಾಂತೆ," ಎಂದಳು ಅವಳು. "ಮನೆತನದ ಹೆಸರಿನ ನಡುವೆ ನಕಾರಕ್ಕೆ ಒತ್ತಕ್ಷರ ಇದೆ. ಬಿಡಬೇಡಿ."